ಪರವೂರಿನ ಹೊಳೆಯಲ್ಲಿ ಕಯಾಕ್: ಒಬ್ಬರೇ ಹೋಗುವುದು ಯಾವಾಗ, ಜೊತೆ ಹುಡುಕುವುದು ಹೇಗೆ

ಬೆಂಗಳೂರಿನಲ್ಲಿ ಪಂಚಗಂಗಾ ರೈಲು ಹತ್ತಿ ಬೆಳಿಗ್ಗೆ ಹೊನ್ನಾವರದಲ್ಲಿ ಇಳಿಯುವಾಗ ನನ್ನ ಬೆನ್ನ ಮೇಲೆ ದೊಡ್ಡದೊಂದು ಚೀಲ ಇರುತ್ತದೆ. ಗಾಳಿ ತುಂಬುವ ಕಯಾಕ್ ಎಂಬ ಸಣ್ಣ ದೋಣಿ, ಬಿಚ್ಚಿ ಜೋಡಿಸುವ ಹುಟ್ಟು, ಪಂಪು, ಲೈಫ್ ಜಾಕೆಟ್. ಎಲ್ಲ ಸೇರಿ 17 ಕೆ.ಜಿ. ಆಟೊದವರು ಮೊದಲು ಕೇಳುವುದು ‘ಚೀಲದಲ್ಲಿ ಏನಿದೆ?’ ಅಂತ. ಆಮೇಲೆ ‘ಒಬ್ರೇ ಬಂದ್ರಾ?’ ಅಂತ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಊರಿಂದ ಊರಿಗೆ ಬದಲಾಗುತ್ತದೆ. ನನಗೆ ಗೊತ್ತಿರುವ ನೀರಾದರೆ ಒಬ್ಬನೇ. ಗೊತ್ತಿಲ್ಲದ ನೀರಾದರೆ ಮೊದಲ ದಿನ ಯಾರಾದರೂ ಜೊತೆಗೆ ಬೇಕು. ಆ ‘ಯಾರಾದರೂ’ ಕಯಾಕ್ ನಡೆಸುವವರೇ ಆಗಬೇಕೆಂದಿಲ್ಲ. ಇದು ಅರ್ಥವಾಗಲು ನನಗೆ ನಾಲ್ಕು ವರ್ಷ ಮತ್ತು ಒಂದು ಕೆಟ್ಟ ಮಧ್ಯಾಹ್ನ ಬೇಕಾಯಿತು. ಆ ಮಧ್ಯಾಹ್ನದ ಕಥೆ ಮುಂದೆ ಬರುತ್ತದೆ.

ಒಬ್ಬರೇ ಯಾಕೆ ಹೋಗುತ್ತಾರೆ?

ಕಯಾಕ್ ಹುಟ್ಟಿದ್ದೇ ಒಬ್ಬರಿಗಾಗಿ. ಆರ್ಕ್ಟಿಕ್‌ನ ಇನೂಯಿಟ್ ಬೇಟೆಗಾರರು ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ, ಒಬ್ಬ ಕೂರುವಷ್ಟೇ ಜಾಗ ಬಿಟ್ಟು ಈ ದೋಣಿ ಕಟ್ಟುತ್ತಿದ್ದರು. ಜರ್ಮನಿಯ ಆಸ್ಕರ್ ಸ್ಪೆಕ್ 1932ರಲ್ಲಿ ಉಲ್ಮ್ ಪಟ್ಟಣದಿಂದ ಮಡಚುವ ಕಯಾಕ್‌ನಲ್ಲಿ ಒಬ್ಬನೇ ಹೊರಟ. ಊರಲ್ಲಿ ಕೆಲಸ ಇರಲಿಲ್ಲ. ಡ್ಯಾನ್ಯೂಬ್ ಇಳಿದು, ಪರ್ಷಿಯಾ ಕೊಲ್ಲಿ ದಾಟಿ, ನಮ್ಮ ಪಶ್ಚಿಮ ಕರಾವಳಿಯ ಗುಂಟ ಬಂದು 1935ರಲ್ಲಿ ಕೊಲಂಬೊ ಸೇರಿದ. 1939ರಲ್ಲಿ ಆಸ್ಟ್ರೇಲಿಯಾದ ಉತ್ತರದ ತುದಿ ಮುಟ್ಟಿದಾಗ ಮಹಾಯುದ್ಧ ಶುರುವಾಗಿತ್ತು. ಶತ್ರು ದೇಶದವನೆಂದು ಹಿಡಿದು ಕೂಡಿಹಾಕಿದರು. ಏಳು ವರ್ಷ ಹುಟ್ಟು ಹಾಕಿದವನಿಗೆ ಸಿಕ್ಕ ಸ್ವಾಗತ ಅದು.

ನಮ್ಮಂಥವರ ಕಾರಣಗಳು ಚಿಕ್ಕವು. ರಜೆ ಹೊಂದುವುದಿಲ್ಲ. ಒಬ್ಬನಿಗೆ ಫೋಟೊ ಬೇಕು, ಇನ್ನೊಬ್ಬನಿಗೆ ವ್ಯಾಯಾಮ ಬೇಕು. ನನ್ನ ಮಟ್ಟಿಗೆ ದೊಡ್ಡ ಕಾರಣ ಸಮಯ. ಉಬ್ಬರ ಬೆಳಿಗ್ಗೆ ಆರಕ್ಕೆ ಅನುಕೂಲವಾಗಿದ್ದರೆ ಆರಕ್ಕೇ ಇಳಿಯಬೇಕು. ಆರು ಜನರ ಗುಂಪು ಎದ್ದು, ಚಹಾ ಕುಡಿದು, ಬನ್ಸ್ ತಿಂದು ನೀರಿಗೆ ಬರುವಾಗ ಒಂಬತ್ತೂವರೆ. ಅಷ್ಟರಲ್ಲಿ ದಿನದ ಒಳ್ಳೆಯ ಹೊತ್ತು ಮುಗಿದಿರುತ್ತದೆ. ಇನ್ನೊಂದು ಕಾರಣ ಸದ್ದು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆಯಲ್ಲಿ ಹುಟ್ಟು ಎತ್ತಿ ಸುಮ್ನೆ ಕೂತರೆ ಏಡಿ ಕೆಸರಿನಿಂದ ಹೊರಬರುವುದೂ ಕಾಣುತ್ತದೆ. ಇಬ್ಬರಿದ್ದರೆ ಮಾತು ಬರುತ್ತದೆ, ಏಡಿ ಒಳಗೆ ಹೋಗುತ್ತದೆ.

‘ಯಾರೂ ಸಿಗಲಿಲ್ಲ, ಅದಕ್ಕೇ ಒಬ್ಬನೇ ಹೋದೆ’ ಅನ್ನುವುದು ಮಾತ್ರ ಒಳ್ಳೆಯ ಕಾರಣವಲ್ಲ. ಅದು ಆಯ್ಕೆಯಲ್ಲ, ಬೇಸರ. ಬೇಸರದಲ್ಲಿ ಹೊರಟವರು ಹವಾಮಾನವನ್ನು ಸರಿಯಾಗಿ ನೋಡುವುದಿಲ್ಲ.

ಹಂತ 1: ನೀರು ಯಾವುದು ಅಂತ ಮೊದಲು ನೋಡಿ

ಒಬ್ಬರೇ ಹೋಗಬಹುದೇ ಎಂಬುದನ್ನು ನಿಮ್ಮ ಧೈರ್ಯಕ್ಕಿಂತ ನೀರು ಜಾಸ್ತಿ ತೀರ್ಮಾನಿಸುತ್ತದೆ. ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ.

ಅಲೆ ಇಲ್ಲದ, ದಡ ಹತ್ತಿರವಿರುವ ಹಿನ್ನೀರು, ಉದಾಹರಣೆಗೆ ಸಾಲಿಗ್ರಾಮದ ಹತ್ತಿರ ಸೀತಾ ಹೊಳೆಯ ಒಳಭಾಗ ಅಥವಾ ಕೆಮ್ಮಣ್ಣಿನ ಕಡೆ ಸ್ವರ್ಣಾ ಹೊಳೆ: ಕಲಿತವರು ಒಬ್ಬರೇ ಹೋಗಬಹುದು. ಹೊನ್ನಾವರದ ಶರಾವತಿಯಂಥ ಅಗಲ ಹೊಳೆ: ಮೊದಲ ಸಲ ಜೊತೆ ಬೇಕು, ಆಮೇಲೆ ಬೆಳಗಿನ ಹೊತ್ತು ಒಬ್ಬರೇ ಹೋಗಬಹುದು. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇರುವುದು ಇಲ್ಲೇ. ಎರಡು ಕಿಲೋಮೀಟರಿಗಿಂತ ಉದ್ದ. ಹೊಳೆ ಎಷ್ಟು ಅಗಲ ಅಂತ ಅದರಿಂದಲೇ ಊಹಿಸಿ. ಮಧ್ಯದಲ್ಲಿ ಮಗುಚಿದರೆ ಯಾವ ದಡವೂ ಹತ್ತಿರವಲ್ಲ.

ಹೊಳೆ ಸಮುದ್ರ ಸೇರುವ ಅಳಿವೆ: ಒಬ್ಬರೇ ಬೇಡ. ತೆರೆದ ಸಮುದ್ರ: ಮೂವರಿಗಿಂತ ಕಡಿಮೆ ಬೇಡ. ದಾಂಡೇಲಿಯ ಕಾಳಿಯಂಥ ರಭಸದ ನೀರು: ಅಲ್ಲಿನ ಮಾರ್ಗದರ್ಶಕರಿಲ್ಲದೆ ಇಳಿಯಲೇಬೇಡಿ. ದಾಂಡೇಲಿ ಹತ್ತಿರದ ಶಾಂತ ನೀರಿನಲ್ಲಿ ಮೊಸಳೆಗಳಿವೆ ಎಂಬುದೂ ನೆನಪಿರಲಿ. ನೋಡಲು ಸಾಧುವಾಗಿ ಕಾಣುವ ನೀರಿನ ಬಗ್ಗೆ ಊರಿನವರನ್ನು ಕೇಳಬೇಕಾದದ್ದು ಇದಕ್ಕೇ.

ಮಳೆಗಾಲದ ಬಗ್ಗೆ ಚರ್ಚೆಯೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳೇ ಮೀನುಗಾರಿಕೆಗೆ ಇಳಿಯುವಂತಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಹಂತ 2: ಮಗುಚಿ ಹತ್ತುವುದನ್ನು ಕಲಿಯಿರಿ

ಒಂದೇ ಪರೀಕ್ಷೆ ಸಾಕು. ಎದೆ ಮುಳುಗುವಷ್ಟಕ್ಕಿಂತ ಆಳ ನೀರಿನಲ್ಲಿ ಬೇಕೆಂದೇ ಕಯಾಕ್ ಮಗುಚಿ, ಯಾರ ಸಹಾಯವಿಲ್ಲದೆ ಮತ್ತೆ ಹತ್ತಿ ಕೂರಬೇಕು. ಒಂದು ಸಲ ಆದರೆ ಸಾಲದು. ಸುಸ್ತಾಗಿರುವಾಗ, ಮೇಲಿಂದ ಮೇಲೆ ಮೂರು ಸಲ ಆಗಬೇಕು. ಆಗದಿದ್ದರೆ ಒಬ್ಬರೇ ಹೋಗುವ ಮಾತು ಮುಂದಿನ ವರ್ಷಕ್ಕಿರಲಿ.

ಮೇಲೆ ಕೂರುವ ಚಪ್ಪಟೆ ಕಯಾಕ್ ಆದರೆ ಕೆಲಸ ಸುಲಭ. ತಿರುಗಿಸಿ ನೇರ ಮಾಡಿ. ನಡುಭಾಗದ ಪಕ್ಕಕ್ಕೆ ಬನ್ನಿ. ಕಾಲನ್ನು ಹಿಂದಕ್ಕೆ ಚಾಚಿ ನೀರಿನ ಮೇಲ್ಮೈಗೆ ತನ್ನಿ. ಕಾಲು ಕೆಳಗೆ ಜೋತುಬಿದ್ದಿದ್ದರೆ ಎಷ್ಟು ಎಳೆದರೂ ಆಗುವುದಿಲ್ಲ, ಹೆಚ್ಚಿನವರು ಸೋಲುವುದು ಇಲ್ಲೇ. ಜೋರಾಗಿ ಕಾಲು ಬಡಿಯುತ್ತಾ ಹೊಟ್ಟೆಯನ್ನು ದೋಣಿಯ ಮೇಲೆ ತನ್ನಿ. ಆಮೇಲೆ ಮಗ್ಗುಲಾಗಿ ಕೂತುಕೊಳ್ಳಿ. ಒಳಗೆ ಕೂರುವ ಕಯಾಕ್ ಆದರೆ ನೀರು ತುಂಬಿರುತ್ತದೆ. ಪಂಪು ಬೇಕು, ಹುಟ್ಟಿನ ತುದಿಗೆ ಕಟ್ಟುವ ಗಾಳಿಚೀಲ ಬೇಕು, ಹೇಳಿಕೊಡುವವರೂ ಬೇಕು.

ಕಲಿಯಲು ಜಾಗಗಳಿವೆ. ಲಿಂಗನಮಕ್ಕಿ ಹಿನ್ನೀರಿನ ಹೊನ್ನೆಮರಡು ಇದೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಜಲಸಾಹಸ ತರಬೇತಿ ಕೊಡುತ್ತದೆ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಇಂಥ ಕಡೆ ಕಲಿತರೆ ಇನ್ನೊಂದು ಲಾಭವಿದೆ: ಜೊತೆಗೆ ಕಲಿತವರೇ ಮುಂದೆ ನಿಮ್ಮ ಜೊತೆಗಾರರು. ನನ್ನ ಫೋನಿನಲ್ಲಿರುವ ಒಳ್ಳೆಯ ಐದಾರು ನಂಬರ್ ಬಂದದ್ದು ಹೀಗೆಯೇ.

ಹಂತ 3: ಉಬ್ಬರ, ಇಳಿತ, ಗಾಳಿ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ಆದರೆ ಆ ಆರು ಗಂಟೆಯೂ ನೀರು ಒಂದೇ ವೇಗದಲ್ಲಿ ಹರಿಯುವುದಿಲ್ಲ. ಏರುವ ಇಲ್ಲವೇ ಇಳಿಯುವ ನೀರನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಹೋಗುತ್ತದೆ. ಆ ಹೊತ್ತು ಸೇತುವೆಯ ಕಂಬಗಳ ಹತ್ತಿರ ಇರಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಸೆಳೆತ ಇನ್ನೂ ಜಾಸ್ತಿ.

ಗಾಳಿಯ ಲೆಕ್ಕ ಇನ್ನೂ ಸರಳ. ಬೇಸಿಗೆ, ಚಳಿಗಾಲದಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತೆಳುಗಾಳಿ. ನೆಲ ಕಾದಂತೆ ಹನ್ನೊಂದು, ಹನ್ನೆರಡರ ಹೊತ್ತಿಗೆ ಸಮುದ್ರದಿಂದ ಗಾಳಿ ಬರಲು ಶುರು. ಗಾಳಿ ತುಂಬುವ ಕಯಾಕ್ ನೀರಿನ ಮೇಲೆ ಎಲೆಯಂತೆ ತೇಲುತ್ತದೆ, ಎದುರುಗಾಳಿಗೆ ನಿಂತಲ್ಲೇ ನಿಲ್ಲುತ್ತದೆ. ಶಾಂತ ನೀರಲ್ಲಿ ಗಂಟೆಗೆ 4 ಕಿ.ಮೀ. ಹೋಗುವ ನಾನು ಒಮ್ಮೆ ಅರ್ಧ ಗಂಟೆ ಹುಟ್ಟು ಹಾಕಿ ಅದೇ ತೆಂಗಿನ ಮರವನ್ನು ನೋಡುತ್ತಿದ್ದೆ.

ಅಪಾಯ ಹುಟ್ಟುವುದು ಇವೆರಡೂ ಎದುರುಬದುರಾದಾಗ. ಇಳಿತದ ನೀರು ಸಮುದ್ರದ ಕಡೆಗೆ ಓಡುತ್ತಿದೆ, ಮಧ್ಯಾಹ್ನದ ಗಾಳಿ ಸಮುದ್ರದಿಂದ ಬರುತ್ತಿದೆ. ಅಳಿವೆಯಲ್ಲಿ ಅಲೆಗಳು ಒಂದಕ್ಕೊಂದು ಹತ್ತಿರವಾಗಿ, ನೆಟ್ಟಗೆ ಎದ್ದು ನಿಲ್ಲುತ್ತವೆ. ದಡದಿಂದ ನೋಡಿದರೆ ಸಣ್ಣ ಬಿಳಿ ನೊರೆ, ಅಷ್ಟೇ. ಒಳಗೆ ಹೋದರೆ ಬೇರೆಯೇ ಲೋಕ.

ಹೊರಡುವ ಹಿಂದಿನ ದಿನ ಹೈದರಾಬಾದಿನ ಇಂಕೋಯಿಸ್ ಸಂಸ್ಥೆಯ ಅಲೆಗಳ ಮುನ್ಸೂಚನೆ ನೋಡಿ. ಅಣೆಕಟ್ಟಿರುವ ಹೊಳೆಯಾದರೆ ನೀರು ಬಿಡುವ ಹೊತ್ತನ್ನು ಅಲ್ಲಿಯವರಿಂದ ಕೇಳಿ. ಶರಾವತಿಗೆ ಗೇರುಸೊಪ್ಪ ಇದೆ, ಕಾಳಿಗೆ ಸಾಲು ಸಾಲಾಗಿ ಅಣೆಕಟ್ಟುಗಳಿವೆ.

ಹಂತ 4: ದಡದಲ್ಲಿ ಒಬ್ಬರಿರಲಿ

ಒಬ್ಬರೇ ಹೋಗುವವರ ಮೊದಲ ಜೊತೆಗಾರ ದಡದಲ್ಲಿರುತ್ತಾರೆ. ನಾನು ಅಕ್ಕನಿಗೆ ಕಳಿಸುವ ಮೆಸೇಜ್ ಹೀಗಿರುತ್ತದೆ:

‘ಕಾಸರಕೋಡು ಕಡೆಯಿಂದ 6.30ಕ್ಕೆ ಇಳಿಯುತ್ತೇನೆ. ಮಾವಿನಕುರ್ವೆ ಸುತ್ತಿ ಅಲ್ಲಿಗೇ ವಾಪಸ್. ಹಳದಿ ಕಯಾಕ್, ಕೆಂಪು ಜಾಕೆಟ್. 10 ಗಂಟೆಗೆ ದಡ. 10.30ರವರೆಗೆ ಫೋನ್ ಬರದಿದ್ದರೆ ನನಗೆ ಮಾಡು. ತೆಗೆಯದಿದ್ದರೆ ತಾರಿಯವರಿಗೆ ಮಾಡು, ನಂಬರ್ ಕೆಳಗಿದೆ. 11ಕ್ಕೆ 112.’

ತಾರಿಯವರು ಅಂದರೆ ಹೊಳೆ ದಾಟಿಸುವ ದೋಣಿಯವರು, 112 ತುರ್ತು ಸಹಾಯದ ನಂಬರ್. ಮೆಸೇಜಿನ ಕೊನೆಯ ಮೂರು ವಾಕ್ಯ ಮುಖ್ಯ. ‘ಹೋಗಿ ಬರ್ತೀನಿ’ ಅಂದರೆ ಮನೆಯವರಿಗೆ ಎಷ್ಟು ಹೊತ್ತಿಗೆ ಗಾಬರಿಯಾಗಬೇಕು ಅಂತಲೇ ಗೊತ್ತಾಗುವುದಿಲ್ಲ. ಸಮುದ್ರದ ಬದಿಯಾದರೆ ಕರಾವಳಿ ರಕ್ಷಣಾ ಪಡೆಯ 1554 ಕೂಡ ಬರೆದಿಡಿ. ಫೋನು ನೀರು ಹೋಗದ ಚೀಲದಲ್ಲಿ, ನಿಮ್ಮ ಮೈಮೇಲೆ ಇರಲಿ. ದೋಣಿಗೆ ಕಟ್ಟಿದರೆ ದೋಣಿಯ ಜೊತೆ ಅದೂ ಹೋಗುತ್ತದೆ. ಜಾಕೆಟ್‌ಗೆ ಒಂದು ಸೀಟಿ ಕಟ್ಟಿ. ಮೂರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ.

ವಿದೇಶದಿಂದ ರಜೆಗೆ ಬರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಅಲ್ಲಿ ನೀವು ಬಳಸುವ ಉಪಗ್ರಹ ಫೋನು, ಉಪಗ್ರಹ ಮೆಸೇಜ್ ಕಳಿಸುವ ಸಾಧನಗಳನ್ನು ಭಾರತಕ್ಕೆ ತರಬೇಡಿ. ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಇಲ್ಲಿ ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಇದಕ್ಕಾಗಿ ಪ್ರವಾಸಿಗರನ್ನು ಹಿಡಿದಿದ್ದಾರೆ.

ಹಂತ 5: ಜೊತೆ ಸಿಗುವ ಜಾಗಗಳು

ಮೊದಲು ಹೋಗಬೇಕಾದದ್ದು ಹೊಳೆಯ ದಡಕ್ಕೆ, ಇಂಟರ್‌ನೆಟ್ಟಿಗಲ್ಲ. ಹಿಂದಿನ ದಿನ ಸಂಜೆ ಹೋಗಿ. ತಾರಿ ಬಾಗಿಲಲ್ಲಿ, ಬಲೆ ಸರಿಮಾಡುವ ಜಾಗದಲ್ಲಿ, ಚಹಾದಂಗಡಿಯಲ್ಲಿ ಕೂತು ಮಾತಾಡಿ. ‘ಇಲ್ಲಿ ಕಯಾಕ್ ಹೊಡೀಬಹುದಾ?’ ಅಂತ ಕೇಳಬೇಡಿ. ‘ಓ, ಹೊಡೀರಿ’ ಅನ್ನುತ್ತಾರೆ, ಮುಗಿಯಿತು. ಕೇಳಬೇಕಾದದ್ದು ಬೇರೆ. ನಾಳೆ ನೀರು ತಿರುಗುವುದು ಎಷ್ಟು ಹೊತ್ತಿಗೆ? ನೀವು ಎಷ್ಟು ಗಂಟೆಗೆ ದೋಣಿ ಎಳೆದಿಡುತ್ತೀರಿ? ಬಲೆ ಎಲ್ಲಿ ಕಟ್ಟಿದ್ದೀರಿ? ಮರಳು ದಿಬ್ಬ ಈ ವರ್ಷ ಯಾವ ಕಡೆ ಬಂದಿದೆ? ದಿಬ್ಬ ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ, ನಕಾಶೆಯಲ್ಲಿ ಸಿಗುವುದಿಲ್ಲ. ಅದು ಗೊತ್ತಿರುವುದು ಅಂಬಿಗರಿಗೆ ಮಾತ್ರ.

ಮೊದಲ ದಿನ ಅವರ ದೋಣಿಯನ್ನೇ ಎರಡು ಗಂಟೆ ಬಾಡಿಗೆಗೆ ತೆಗೆದುಕೊಳ್ಳಿ. ಅವರು ಮುಂದೆ, ನೀವು ಕಯಾಕ್‌ನಲ್ಲಿ ಹಿಂದೆ. ಚೌಕಾಸಿ ಮಾಡಬೇಡಿ. ಬೆಳಗಿನ ಎರಡು ಗಂಟೆ ಅಂದರೆ ಅವರ ಮೀನಿನ ಹೊತ್ತು. ನಾನು ಪರವೂರಿನಲ್ಲಿ ಮಾಡಿದ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ. ಬಲೆ ಕಟ್ಟಿದ ಕಡೆ ದೂರದಿಂದ ಸುತ್ತಿ ಹೋಗಿ, ಅದರ ಮೇಲೆ ಹಾಯಬೇಡಿ. ಉತ್ತರ ಕನ್ನಡದ ಕುರ್ವೆ ಆಗಲಿ, ಉಡುಪಿಯ ಕುದ್ರು ಆಗಲಿ, ಹೊಳೆಯ ನಡುವಿನ ಈ ತುಂಡುಗಳಲ್ಲಿ ಜನ ಇರುತ್ತಾರೆ. ದಡ ಕಂಡಲ್ಲಿ ಹತ್ತಿ ಊಟದ ಡಬ್ಬಿ ಬಿಚ್ಚುವ ಮೊದಲು ಕೇಳಿ.

ಎರಡನೆಯ ಜಾಗ ಕಯಾಕ್ ಬಾಡಿಗೆ ಕೊಡುವವರು. ಕರಾವಳಿಯಲ್ಲಿ ಈಗ ಇವರು ಬೇಕಾದಷ್ಟು. ವಾರಾಂತ್ಯದಲ್ಲಿ ಅವರಿಗೆ ಪುರುಸೊತ್ತಿಲ್ಲ. ಮಂಗಳವಾರ, ಬುಧವಾರ ಬೆಳಿಗ್ಗೆ ಹೋದರೆ ಅಲ್ಲಿನ ಹುಡುಗರು ತಮ್ಮ ಖುಷಿಗೆ ನೀರಿಗೆ ಇಳಿಯುತ್ತಿರುತ್ತಾರೆ. ‘ನಿಮ್ಮ ಜೊತೆ ಬರಲಾ?’ ಅಂತ ಕೇಳಿ. ಹೆಚ್ಚಿನವರು ಹೂಂ ಅನ್ನುತ್ತಾರೆ.

ಮೂರನೆಯದು ಉತ್ಸವಗಳು. ಮಳೆಗಾಲದಲ್ಲಿ ಕೋಝಿಕ್ಕೋಡ್ ಜಿಲ್ಲೆಯ ತುಷಾರಗಿರಿ ಸುತ್ತಮುತ್ತ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತದೆ. ದೇಶ ವಿದೇಶದ ಕಯಾಕರ್‌ಗಳು ಬರುತ್ತಾರೆ. ಸ್ಪರ್ಧೆಗೆ ಇಳಿಯಬೇಕಿಲ್ಲ. ದಡದಲ್ಲಿ ಎರಡು ದಿನ ಕೂತರೂ ಹೃಷಿಕೇಶದವರು, ಮೇಘಾಲಯದವರು ಪರಿಚಯವಾಗುತ್ತಾರೆ. ಮುಂದೆ ಆ ಕಡೆ ಹೋದಾಗ ಫೋನ್ ಮಾಡಲು ಒಂದು ಹೆಸರು ಇರುತ್ತದೆ.

ವಾಟ್ಸಾಪ್ ಗುಂಪು, ಫೇಸ್‌ಬುಕ್, ಮೀಟಪ್ ಕೊನೆಯದು. ಬೇಡ ಅನ್ನುವುದಿಲ್ಲ. ಆದರೆ ‘ಯಾರಾದರೂ ಬರ್ತೀರಾ?’ ಅಂತ ಹಾಕಿದರೆ ಇಪ್ಪತ್ತು ಹೆಬ್ಬೆರಳು ಬರುತ್ತವೆ, ಜನ ಬರುವುದಿಲ್ಲ. ದಿನಾಂಕ, ಇಳಿಯುವ ಹೊತ್ತು, ದೂರ, ಯಾವ ನೀರು, ಏನು ಗೊತ್ತಿರಬೇಕು, ಖರ್ಚು ಹೇಗೆ ಹಂಚಿಕೆ ಎಂದು ಬರೆಯಿರಿ. ಆಗ ಎರಡೇ ಉತ್ತರ ಬರುತ್ತದೆ. ಅವೆರಡು ಸಾಕು. ಒಬ್ಬರೇ ಪ್ರಯಾಣಿಸುವ ಹೆಣ್ಣುಮಕ್ಕಳು ತಂಗುವ ಜಾಗವನ್ನು ಗುಂಪಿನಲ್ಲಿ ಹಾಕಬೇಡಿ. ಮೊದಲ ಭೇಟಿ ಚಹಾದಂಗಡಿಯಲ್ಲೇ ಆಗಲಿ. ಗಂಡಸರಿಗೂ ಇದು ತಪ್ಪಲ್ಲ.

ಹಂತ 6: ಸಿಕ್ಕವರು ಸರಿಯಾದವರೇ?

ಆ ಕೆಟ್ಟ ಮಧ್ಯಾಹ್ನ ಈಗ. ಜನವರಿ ತಿಂಗಳು, ಒಂದು ಅಳಿವೆಯ ಒಳಗೆ. ಆನ್‌ಲೈನ್‌ನಲ್ಲಿ ಸಿಕ್ಕ ಇಬ್ಬರು ನನ್ನ ಜೊತೆ. ಒಬ್ಬರು ‘ತುಂಬಾ ಸಲ ಕಯಾಕಿಂಗ್ ಮಾಡಿದ್ದೇನೆ’ ಅಂದಿದ್ದರು. ನಾನು ಮುಂದೆ ಕೇಳಲಿಲ್ಲ. ಆ ತುಂಬಾ ಸಲವೂ ರೆಸಾರ್ಟಿನ ಕೆರೆಯಲ್ಲಿ ಎಂದು ಗೊತ್ತಾದದ್ದು ಅವರು ನೀರಿಗೆ ಬಿದ್ದ ಮೇಲೆ. ಹನ್ನೆರಡು ಗಂಟೆ, ಇಳಿತ ಜೋರು, ಎದುರು ಗಾಳಿ. ನಾಲ್ಕು ಸಲ ಹತ್ತಲು ನೋಡಿ ಅವರ ಕೈ ಸೋತಿತು. ನಾನು ದೋಣಿ ಹಿಡಿದುಕೊಂಡೆ, ಮೂರನೆಯವರು ಭಯಕ್ಕೆ ದೂರ ಹೋದರು. ನೀರು ನಮ್ಮಿಬ್ಬರನ್ನೂ ಅಳಿವೆಯ ಬಾಗಿಲಿನ ಕಡೆ ಒಯ್ಯುತ್ತಿತ್ತು. ಇಂಜಿನ್ ದೋಣಿಯಲ್ಲಿ ಬಂದ ಮೀನುಗಾರರೊಬ್ಬರು ಎಳೆದುಕೊಂಡು ಹೋಗಿ ದಡ ಮುಟ್ಟಿಸಿದರು. ಬೈಯಲಿಲ್ಲ. ‘ಹನ್ನೊಂದ್ರ ಮೇಲೆ ನಾವೇ ಸಣ್ಣ ದೋಣಿ ತೆಗೀದಿಲ್ಲ ತಮಾ’ ಅಂದರು, ಅಷ್ಟೇ. ಅವತ್ತು ಒಬ್ಬನೇ ಹೋಗಿದ್ದರೆ ನಾನು ಹತ್ತು ಗಂಟೆಗೇ ದಡದಲ್ಲಿರುತ್ತಿದ್ದೆ.

ಅಂದಿನಿಂದ ‘ಎಷ್ಟು ಸಲ ಮಾಡಿದ್ದೀರಿ’ ಅಂತ ಕೇಳುವುದು ಬಿಟ್ಟೆ. ನಾಲ್ಕು ಬೇರೆ ಪ್ರಶ್ನೆ ಕೇಳುತ್ತೇನೆ. ಕೊನೆಯ ಸಲ ಮಗುಚಿದ್ದು ಎಲ್ಲಿ, ಹೇಗೆ ಹತ್ತಿದಿರಿ? ಅರ್ಧದಲ್ಲಿ ವಾಪಸ್ ಬಂದ ಟ್ರಿಪ್ ಇದೆಯಾ? ನಿಲ್ಲಿಸದೆ ಎಷ್ಟು ಹೊತ್ತು ಹುಟ್ಟು ಹಾಕಬಲ್ಲಿರಿ? ಆರೋಗ್ಯದ ತೊಂದರೆ ಏನಾದರೂ ಇದೆಯಾ? ಎರಡನೆಯದಕ್ಕೆ ‘ಇಲ್ಲ, ನಾನು ಯಾವತ್ತೂ ವಾಪಸ್ ಬಂದಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರ ಜೊತೆ ನಾನು ಹೋಗುವುದಿಲ್ಲ.

ನೀರಿಗೆ ಇಳಿದ ಮೇಲೂ ಒಂದು ಪರೀಕ್ಷೆ ಇದೆ. ಮೊದಲ ಹತ್ತು ನಿಮಿಷ ದಡದ ಹತ್ತಿರವೇ ಎಲ್ಲರೂ ಒಮ್ಮೆ ಮಗುಚಿ ಹತ್ತುವುದು. ‘ಬಟ್ಟೆ ಒದ್ದೆಯಾಗುತ್ತೆ’ ಅನ್ನುವವರು ಅಂದು ಹಿನ್ನೀರಿನಲ್ಲೇ ಇರಲಿ.

ಹಂತ 7: ನೀರಿನ ಮೇಲೆ

ಮೂವರು ಬೇಕು ಅನ್ನುವುದಕ್ಕೆ ಕಾರಣವಿದೆ. ಒಬ್ಬರು ತೊಂದರೆಯಲ್ಲಿದ್ದರೆ ಇನ್ನೊಬ್ಬರು ಅವರನ್ನು ಹಿಡಿದಿರುತ್ತಾರೆ, ಮೂರನೆಯವರು ಇಬ್ಬರನ್ನೂ ಎಳೆಯುತ್ತಾರೆ ಇಲ್ಲವೇ ಸಹಾಯ ಕರೆಯುತ್ತಾರೆ. ಆದರೆ ನೂರು ಮೀಟರ್ ಅಂತರದಲ್ಲಿ ಚದುರಿ ಹೋದರೆ ಮೂವರು ಅಂದರೆ ಮೂರು ಒಂಟಿಗಳು ಅಷ್ಟೇ. ಕೂಗಿದರೆ ಕೇಳುವಷ್ಟು ಹತ್ತಿರ ಇರಿ. ನಿಧಾನದವರು ಮುಂದೆ ಇರಲಿ. ಹಿಂದೆ ಹಾಕಿದರೆ ಅವರು ದಣಿಯುವುದು ಯಾರಿಗೂ ಕಾಣುವುದಿಲ್ಲ.

ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದರೆ ‘ಬನ್ನಿ’. ಅಡ್ಡಡ್ಡ ಎತ್ತಿದರೆ ‘ನಿಲ್ಲಿ’. ಇದನ್ನು ದಡದಲ್ಲೇ ಒಪ್ಪಿಕೊಳ್ಳಿ. ವಾಪಸ್ ತಿರುಗುವ ಗಂಟೆಯನ್ನೂ ಅಲ್ಲೇ ನಿಗದಿ ಮಾಡಿ. ಯಾರಾದರೂ ಒಬ್ಬರು ‘ತಿರುಗೋಣ’ ಅಂದರೆ ಕಾರಣ ಕೇಳದೆ ಎಲ್ಲರೂ ತಿರುಗಬೇಕು. ಕಾರಣವನ್ನು ದಡದಲ್ಲಿ ಕೇಳಿದರಾಯಿತು.

ಹೊರದೇಶದಲ್ಲಿ ಇದ್ದರೆ

ಆಫೀಸಿನ ಕೆಲಸಕ್ಕೆ ಯೂರೋಪಿಗೋ ಅಮೆರಿಕಕ್ಕೋ ಹೋದವರಿಗೆ ಕ್ಲಬ್ ಹುಡುಕುವುದು ಸುಲಭ. ಬ್ರಿಟನ್ನಿನಲ್ಲಿ ಪ್ಯಾಡಲ್ ಯುಕೆ, ಅಮೆರಿಕದಲ್ಲಿ 1880ರಿಂದ ಇರುವ ಅಮೆರಿಕನ್ ಕೆನೂ ಅಸೋಸಿಯೇಷನ್. ಇವುಗಳ ಮೂಲಕ ಊರಿನ ಕ್ಲಬ್ ಸಿಗುತ್ತದೆ. ನಾರ್ವೆಯಲ್ಲಿ ‘ವೋಟ್‌ಕೋರ್ಟ್’ ಎಂಬ ಕಾರ್ಡ್ ಪದ್ಧತಿ ಇದೆ, ಮೊದಲ ಹಂತದ ಕೋರ್ಸ್ ಮುಗಿಸಿದರೆ ಬಾಡಿಗೆಗೂ ಜೊತೆಗೂ ದಾರಿ ತೆರೆಯುತ್ತದೆ.

ನಮ್ಮವರು ಅಲ್ಲಿ ಎಡವುವುದು ಚಳಿ ನೀರಿನಲ್ಲಿ. ನಮ್ಮ ಕಡಲಿನಲ್ಲಿ ಬಿದ್ದರೆ ಸ್ನಾನ ಮಾಡಿದ ಹಾಗೆ. ಮೇ ತಿಂಗಳ ಬಿಸಿಲಿನಲ್ಲಿ ಸ್ಕಾಟ್ಲೆಂಡಿನ ನೀರು 10 ಡಿಗ್ರಿ ಆಸುಪಾಸು. ಬಿದ್ದ ಮೊದಲ ನಿಮಿಷ ಉಸಿರು ಕಟ್ಟಿ ಏದುಸಿರು ಬರುತ್ತದೆ. ಆಗ ಬಾಯಿ ನೀರಿನ ಮೇಲಿರಬೇಕು, ಅದಕ್ಕೇ ಜಾಕೆಟ್. ಮುಂದಿನ ಹತ್ತು ನಿಮಿಷದಷ್ಟು ಕಾಲ ಬೆರಳು ಹೇಳಿದ ಮಾತು ಕೇಳುತ್ತದೆ. ಆಮೇಲೆ ಕೇಳುವುದಿಲ್ಲ. ಬಟ್ಟೆಯನ್ನು ಬಿಸಿಲು ನೋಡಿ ಅಲ್ಲ, ನೀರು ನೋಡಿ ಹಾಕಬೇಕು. ಇಲ್ಲಿ ಮೂರು ಸಲ ಸಲೀಸಾಗಿ ಹತ್ತಿದವರೂ ಅಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕು, ಕ್ಲಬ್ಬಿನವರ ಜೊತೆಗೇ.

ವಾಪಸ್ ಬಂದ ಮೇಲೆ

ಕಯಾಕ್ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಇಲ್ಲದಿದ್ದರೆ ರೈಲಿನ ಇಡೀ ಬೋಗಿ ಕೆಸರಿನ ವಾಸನೆ ಹೊಡೆಯುತ್ತದೆ. ನಂಬರುಗಳನ್ನು ಊರಿನ ಹೆಸರಿನ ಜೊತೆ ಉಳಿಸಿಕೊಳ್ಳಿ. ಬರೀ ‘ಗಣಪತಿ’ ಅಂತ ಬರೆದರೆ ಎರಡು ವರ್ಷದ ಮೇಲೆ ಯಾವ ಗಣಪತಿ ಅಂತ ಗೊತ್ತಾಗುವುದಿಲ್ಲ. ತೆಗೆದ ಫೋಟೊಗಳನ್ನು ಅವರಿಗೂ ಕಳಿಸಿ. ನನ್ನನ್ನು ಅವತ್ತು ಎಳೆದು ತಂದವರಿಗೆ ಈಗಲೂ ಡಿಸೆಂಬರ್ ಬಂದಾಗ ಫೋನ್ ಮಾಡುತ್ತೇನೆ. ದಿಬ್ಬ ಎಲ್ಲಿದೆ ಅಂತ ಕೇಳಲು. ಅವರು ಅದನ್ನು ಹೇಳಿ, ಕೊನೆಗೆ ತಪ್ಪದೆ ಕೇಳುತ್ತಾರೆ: ‘ಒಬ್ನೇ ಬತ್ಯಾ?’